ಹಡಗನ್ನೇರಿದವರ ಕುಶಲವಾರ್ತೆ

ಬೀದರ ಜಿಲ್ಲೆಯ ಗೃಹಸ್ಥರಿಗೆ ಹಡಗಿನ ಮಾತೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಪ್ರಶ್ನೆಯು ಸಹಜವೇ ಆಗಿರುತ್ತದೆ. ಔರಾದದ ರೈತನು ಕಂಡ ಮಹಾಜಲವೆಂದರೆ ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಮಾಂಜರಾ ನದಿಯು. ಭಾಲ್ಕಿಯವನು ಕಂಡದ್ದು ಕಾರಂಜಾ ಜಲಾಶಯವು. ಸಮುದ್ರವನ್ನು ಕಣ್ಣಾರೆ ಕಾಣಬೇಕಾದರೆ ನಮ್ಮವರು ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು ಮುಂಬಯಿಯನ್ನು ಮುಟ್ಟಬೇಕು. ಹೀಗಿದ್ದರೂ ಈಚೆಗೆ ನಮ್ಮ ಓಣಿಗಳಲ್ಲಿಯೂ ಹಡಗಿನ ಮಾತು ಕೇಳಿಬರುತ್ತದೆ. ಹೊಟೇಲಿನ ಉದ್ಯೋಗವನ್ನು ಕಲಿತ ತರುಣರು ದೊಡ್ಡ ದೊಡ್ಡ ವಿಹಾರನೌಕೆಗಳಲ್ಲಿ ಅಡಿಗೆಯವರಾಗಿ, ಬಡಿಸುವವರಾಗಿ, ಕೋಣೆಗಳನ್ನು ಅಣಿಗೊಳಿಸುವವರಾಗಿ ಆರರಿಂದ ಒಂಬತ್ತು ತಿಂಗಳ ಕರಾರಿನ ಮೇಲೆ ಹೋಗುತ್ತಾರೆ. ಸೇವಾನಿವೃತ್ತರಾದ ದಂಪತಿಗಳು ಮಕ್ಕಳ ಒತ್ತಾಯಕ್ಕಾಗಿ ಮುಂಬಯಿಯಿಂದ ಗೋವೆಗೋ ಲಕ್ಷದ್ವೀಪಕ್ಕೋ ನಾಲ್ಕು ದಿವಸದ ಜಲವಿಹಾರಕ್ಕೆ ಹೊರಡುತ್ತಾರೆ. ಹೋಗುವವರ ಸಂಭ್ರಮವು ಹೋಗುವವರಿಗೆ ಇರಲಿ. ಹಿಂದೆ ಉಳಿದ ಮನೆಯವರು ಏನು ಮಾಡಬೇಕೆಂಬದೇ ಈ ತಿಂಗಳ ನಮ್ಮ ವಿಚಾರವು.

ಹಾಗೆ ನೋಡಿದರೆ ಈ ಊರಿಗೆ ಕಡಲಿನ ಚಿಂತೆಯು ಹೊಸತಲ್ಲ. ೧೪೭೨ರಲ್ಲಿ ಬೀದರದ ಮದರಸೆಯನ್ನು ಕಟ್ಟಿಸಿದ ಬಹಮನೀ ಮಂತ್ರಿ ಮಹಮೂದ ಗವಾನನು ಕಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ ಪ್ರಾಂತದವನು. ಆತನು ಹಡಗಿನಿಂದ ದಾಭೋಳ ಬಂದರಿನಲ್ಲಿ ಇಳಿದು ಇಲ್ಲಿಗೆ ಬಂದನು. ಆತನ ಪತ್ರಗಳ ಸಂಗ್ರಹವು ‘ರಿಯಾಜುಲ್ ಇನ್ಶಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದು, ಅದರಲ್ಲಿ ಅರಸರಿಗೂ ಪಂಡಿತರಿಗೂ ಬರೆದ ಓಲೆಗಳ ನಡುವೆ ಸ್ವಂತ ಮಕ್ಕಳಿಗೂ ಬಂಧುಗಳಿಗೂ ಬರೆದವು ಇವೆ. ಒಂದು ರಾಜ್ಯವನ್ನೇ ನಡಿಸುವ ಮಂತ್ರಿಯಾದರೂ ಸಮುದ್ರದ ಆಚೆಯ ಮನೆಯವರ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಲೇಬೇಕಾಗಿತ್ತು. ಅದೇ ಕಾಲದಲ್ಲಿ, ೧೪೭೦ರ ಆಸುಪಾಸಿಗೆ, ರುಸಿಯಾ ದೇಶದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿಟಿನನು ಒಂದು ಕುದುರೆಯೊಡನೆ ಚೌಲ ಬಂದರಿನಲ್ಲಿಳಿದು ಬೀದರಕ್ಕೆ ಬಂದಿದ್ದನು. ಕೈಯಲ್ಲಿದ್ದ ಗ್ರಂಥಗಳನ್ನು ಕಳೆದುಕೊಂಡುದರಿಂದ ತನ್ನ ಧರ್ಮದ ಹಬ್ಬವು ಎಂದು ಬಂದಿತೆಂಬದೇ ತಿಳಿಯದೆಂದು ಆತನು ತನ್ನ ಟಿಪ್ಪಣಿಗಳಲ್ಲಿ ಹಲುಬಿದ್ದಾನೆ. ತಿರುಗಿ ಹೋಗುವಾಗ ಸ್ವದೇಶದ ದಾರಿಯಲ್ಲಿಯೇ ತೀರಿಕೊಂಡನು. ಆತನ ಬರಹವು ಮಾತ್ರ ಊರು ಸೇರಿತು.

ಇವು ಬಹು ಹಳೆಯ ಮಾತುಗಳಾದವು. ಬಳಿಯ ಕಾಲಕ್ಕೆ ಬರೋಣ. ಮುಂಬಯಿಯಿಂದ ಜಿದ್ದಾಕ್ಕೆ ಹಜ್ ಯಾತ್ರಿಕರನ್ನು ಒಯ್ಯುವ ಹಡಗುಗಳು ೧೯೯೫ರಲ್ಲಿ ನಿಂತವು. ಅಲ್ಲಿಯ ವರೆಗೆ ನಮ್ಮ ಕಡೆಯ ಹಿರಿಯ ಮುಸಲ್ಮಾನ ಮನೆತನದವರು ಆ ದಾರಿಯನ್ನೇ ಹಿಡಿಯುತ್ತಿದ್ದರು. ಹೊರಡುವ ಮುಂಚೆ ನೆರೆಹೊರೆಯವರ ಮನೆಗಳಿಗೆ ಹೋಗಿ, ಕೊಡತಕ್ಕದ್ದನ್ನು ಕೊಟ್ಟು, ಆಡಿದ ಮಾತಿಗೆ ಕ್ಷಮೆ ಬೇಡಿ, ಆ ಮೇಲೆ ಹೆಜ್ಜೆ ಇಡುವದು ಅವರ ಪದ್ಧತಿಯು. ಈ ಪದ್ಧತಿಯಲ್ಲಿ ನಮಗೆ ಧರ್ಮದೊಡನೆ ದೊಡ್ಡದೊಂದು ವಿವೇಕವೂ ಕಾಣುತ್ತದೆ. ಹೋಗುವವರಿಂದ ವಾರಗಟ್ಟಲೆ ಸುದ್ದಿ ಬರಲಾರದೆಂಬದನ್ನು ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು. ಆಡಬೇಕಾದ ಮುಖ್ಯ ಮಾತನ್ನು ಹೊಸ್ತಿಲಲ್ಲಿಯೇ ಆಡಿ ಮುಗಿಸಿದ್ದರು.

ಇಂದಿನ ಅವಸ್ಥೆಯು ಇದಕ್ಕೆ ತೀರ ವಿಪರೀತವಾಗಿದೆ. ಮುಖ ನೋಡಿ ಮಾತಾಡುವ ಯಂತ್ರವು ಅಂಗೈಯಲ್ಲಿ ಇರುವದರಿಂದ, ಹೊರಡುವಾಗ ಆಡಬೇಕಾದ ಮಾತನ್ನು ‘ಫೋನಿನಲ್ಲಿ ಆಡೋಣ’ವೆಂದು ಬಿಡುತ್ತೇವೆ. ಹಡಗು ದಂಡೆ ಬಿಟ್ಟ ಮರುದಿನವೇ ಫೋನು ಹತ್ತುವದಿಲ್ಲ. ಮನೆಯಲ್ಲಿ ಒಲೆ ಹಚ್ಚಲಿಕ್ಕೂ ಮನಸ್ಸಾಗದಂಥ ಕಳವಳವು ಆರಂಭವಾಗುತ್ತದೆ. ಫೋನು ಯಾಕೆ ಹತ್ತುವದಿಲ್ಲವೆಂಬದನ್ನು ತಿಳಿದರೆ ಈ ಕಳವಳದಲ್ಲಿ ಅರ್ಧವಾದರೂ ತಾನಾಗಿ ಶಮನವಾಗುವದು. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ನಮ್ಮ ಮೊಬೈಲ್ ಫೋನು ನೆಲದ ಮೇಲಿನ ಗೋಪುರದಿಂದ ನಡೆಯುವಂಥದು. ಹಡಗು ದಂಡೆಯಿಂದ ಕೆಲವು ಮೈಲು ದೂರ ಸರಿಯುವಷ್ಟರಲ್ಲಿ ಆ ಗೋಪುರದ ಶಕ್ತಿಯು ಮುಗಿಯುತ್ತದೆ. ಸಾಮಾನ್ಯವಾಗಿ ೧೨ ನಾವಿಕ ಮೈಲು, ಅಂದರೆ ಸುಮಾರು ೨೨ ಕಿಲೋಮೀಟರು ದಾಟಿದ ತರುವಾಯ ಹಡಗಿನವರು ತಮ್ಮದೇ ಆದ ಜಾಲವನ್ನು ತೆರೆಯುತ್ತಾರೆ. ಅದು ಆಕಾಶದ ಉಪಗ್ರಹದ ಮೂಲಕ ನಡೆಯುವದರಿಂದ ಸಾಮಾನ್ಯ ಫೋನಿನ ದರಕ್ಕಿಂತ ಅನೇಕ ಪಟ್ಟು ದುಬಾರಿಯಾಗಿರುತ್ತದೆ. ಹಳೆಯ ತರದ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ನೆಲೆಸಿರುತ್ತವೆ. ನಾರ್ವೆ, ಅಲಾಸ್ಕಾ ಮೊದಲಾದ ಉತ್ತರದ ಸಮುದ್ರಗಳಲ್ಲಿ ಅವು ಕ್ಷಿತಿಜದ ಅಂಚಿನಲ್ಲಿಯೇ ಇದ್ದಂತಾಗಿ, ನಡುವೆ ಒಂದು ಬೆಟ್ಟ ಅಡ್ಡ ಬಂದರೂ ಮಾತು ನಿಂತುಹೋಗುತ್ತದೆ. ೨೦೨೨ರ ಈಚೆಗೆ ಅನೇಕ ವಿಹಾರನೌಕೆಗಳು ಕೇವಲ ೫೫೦ ಕಿಲೋಮೀಟರು ಎತ್ತರದಲ್ಲಿ ಸಂಚರಿಸುವ ಉಪಗ್ರಹಗಳ ಸಹಾಯವನ್ನು ಪಡೆದುದರಿಂದ ಸ್ಥಿತಿಯು ಬಹಳ ಸುಧಾರಿಸಿದೆ. ಆದರೂ ಕಟ್ಟಡಗಳಿಲ್ಲದ ಕಡಲಿನಲ್ಲಿ ಊರಿನ ಸೌಲಭ್ಯವನ್ನು ನಿರೀಕ್ಷಿಸುವದು ಯೋಗ್ಯವಲ್ಲ.

ಇದಲ್ಲದೆ ಹಡಗಿನ ಮೇಲೆ ದುಡಿಯುವವನ ದಿನಚರ್ಯೆಯನ್ನೂ ಲಕ್ಷ್ಯದಲ್ಲಿಡಬೇಕು. ನಾವಿಕ ಕಾರ್ಮಿಕರ ಕುರಿತಾದ ಅಂತರರಾಷ್ಟ್ರೀಯ ನಿಯಮವು ಅವರಿಗೆ ೨೪ ತಾಸಿನಲ್ಲಿ ಕನಿಷ್ಠ ೧೦ ತಾಸಿನ ವಿಶ್ರಾಂತಿಯನ್ನು ವಿಧಿಸಿದೆ. ನಿದ್ರೆ, ಸ್ನಾನ, ಬಟ್ಟೆ ಒಗೆಯುವದು, ಮನೆಯೊಡನೆ ಮಾತಾಡುವದು, ಎಲ್ಲವೂ ಆ ವಿಶ್ರಾಂತಿಯಲ್ಲಿಯೇ ಮುಗಿಯಬೇಕು. ಗಡಿಯಾರವಾದರೂ ಒಂದೇ ಆಗಿರುತ್ತದೆಯೇ? ಭಾಲ್ಕಿಯಲ್ಲಿ ರಾತ್ರಿ ೮ ಹೊಡೆದು ಊಟದ ತಾಟು ಹಾಕುವ ಹೊತ್ತಿಗೆ ಅಮೇರಿಕೆಯ ಮಿಯಾಮಿ ಬಂದರಿನಲ್ಲಿ ಚಳಿಗಾಲದ ಮುಂಜಾನೆ ೯-೩೦ ಆಗಿರುತ್ತದೆ. ನಮ್ಮ ಹುಡುಗನು ಆಗ ನೂರಾರು ಜನರಿಗೆ ಉಪಾಹಾರ ಬಡಿಸುತ್ತಿರಬಹುದು. ‘ಅವ್ವನ ಫೋನು ಎತ್ತಲಿಲ್ಲ’ವೆಂದು ಇಲ್ಲಿ ಮುನಿಸು, ಎತ್ತಿದರೆ ಅಲ್ಲಿ ಮೇಲಧಿಕಾರಿಯ ಮುನಿಸು. ಹಡಗು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗಿದಂತೆ ಅದರ ಗಡಿಯಾರವನ್ನು ರಾತ್ರಿಯಲ್ಲಿ ಒಂದೊಂದು ತಾಸು ಸರಿಸುತ್ತಾರಾದುದರಿಂದ ಹೋದ ವಾರದ ಗೊತ್ತಾದ ವೇಳೆಯು ಈ ವಾರಕ್ಕೆ ಉಪಯೋಗವಾಗದೆ ಹೋಗಬಹುದು.

ಅಂತರಜಾಲದಲ್ಲಿ ಹಡಗಿನ ಸ್ಥಾನವನ್ನು ನಕ್ಷೆಯ ಮೇಲೆ ನೋಡುವ ಅನುಕೂಲವೂ ಈಗ ಉಂಟು. ಆದರೆ ಉಚಿತವಾಗಿ ದೊರೆಯುವ ಈ ನಕ್ಷೆಗಳು ಬಹುಮಟ್ಟಿಗೆ ದಂಡೆಯ ಮೇಲಿನ ಕೇಂದ್ರಗಳು ಹಿಡಿದ ಸಂಕೇತಗಳಿಂದ ನಡೆಯುತ್ತವೆ. ನಡುಗಡಲಿಗೆ ಹೋದ ಹಡಗು ನಕ್ಷೆಯಿಂದ ಮಾಯವಾಗುವದು ನಿತ್ಯದ ಸಂಗತಿಯು. ಅಡವಿಯೊಳಗೆ ಹೋದ ಬಸ್ಸು ಕಣ್ಮರೆಯಾದರೆ ಅದು ಕಮರಿಗೆ ಬಿತ್ತೆಂದು ನಾವು ಎದೆ ಬಡಿದುಕೊಳ್ಳುತ್ತೇವೆಯೇ?

ಈ ಎಲ್ಲ ವಿವರದಿಂದ ನಾವು ಹೇಳತಕ್ಕದ್ದು ಇಷ್ಟೇ. ಹಡಗಿನಿಂದ ಸುದ್ದಿ ಬಾರದಿರಲು ನೂರು ಕ್ಷೇಮದ ಕಾರಣಗಳು ಇರುತ್ತವೆ. ಮನೆಯಲ್ಲಿ ಕುಳಿತ ತಾಯಿಯ ಮನಸ್ಸು ಆ ನೂರನ್ನೂ ಬಿಟ್ಟು ಒಂದೇ ಕೇಡಿನ ಕಾರಣವನ್ನು ಹಿಡಿಯುತ್ತದೆ. ಇದು ಆಕೆಯ ತಪ್ಪಲ್ಲ. ಪ್ರೀತಿಯ ಸ್ವಭಾವವೇ ಅಂಥದು. ನಾವು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಹಳ್ಳಿಯವರು ಪತ್ರಗಳನ್ನೂ ತಾರುಗಳನ್ನೂ ಓದಿಸಿಕೊಳ್ಳಲು ಬರುತ್ತಿದ್ದರು. ತಾರು ಬಂದಿತೆಂದರೆ ಅದನ್ನು ಒಡೆಯುವ ಮೊದಲೇ ಅಳು ಆರಂಭವಾಗುತ್ತಿತ್ತು. ಒಳಗೆ ಕೂಸು ಹುಟ್ಟಿದ ಸುದ್ದಿ ಇದ್ದರೂ ಸರಿಯೇ! ೨೦೧೩ರ ಜುಲೈ ತಿಂಗಳಲ್ಲಿ ಸರಕಾರವು ತಾರಿನ ವ್ಯವಸ್ಥೆಯನ್ನು ಮುಚ್ಚಿತು. ಆದರೆ ಆ ಅಂಜಿಕೆಯು ಮುಚ್ಚಲಿಲ್ಲ. ಮೊದಲು ಸುದ್ದಿ ಬಂದರೆ ಅಂಜುತ್ತಿದ್ದೆವು. ಈಗ ಬಾರದಿದ್ದರೆ ಅಂಜುತ್ತೇವೆ.

ಆದಕಾರಣ ಪ್ರಯಾಣದ ಮುಂಚೆ ಗೃಹಸ್ಥನು ಮಾಡಬೇಕಾದ ಮೊದಲನೆಯ ಕೆಲಸವೆಂದರೆ ಮೌನದ ಅರ್ಥವನ್ನು ಗೊತ್ತುಪಡಿಸುವದು. ಹೋಗುವವರನ್ನೂ ಇರುವವರನ್ನೂ ಒಂದೆಡೆ ಕೂಡ್ರಿಸಿ, ‘ಇಷ್ಟು ದಿವಸ ಸುದ್ದಿ ಬಾರದಿದ್ದರೆ ಎಲ್ಲವೂ ಕ್ಷೇಮವೆಂದೇ ತಿಳಿಯತಕ್ಕದ್ದು; ಆ ಮೇಲೆ ಮಾತ್ರ ಇಂಥವರನ್ನು ವಿಚಾರಿಸತಕ್ಕದ್ದು’ ಎಂದು ಕರಾರು ಮಾಡಿರಿ. ದಿವಸಗಳ ಸಂಖ್ಯೆಯು ನಾಲ್ಕಾದರೂ ಆಗಲಿ, ಹತ್ತಾದರೂ ಆಗಲಿ. ಅದನ್ನು ಹಡಗಿನ ಹಾದಿಯನ್ನು ಬಲ್ಲವನೇ ಹೇಳಲಿ. ಹಳೆಯ ಪತ್ರಗಳಲ್ಲಿ ನಮ್ಮ ಹಿರಿಯರು ‘ಇಂದಿನ ಮಿತಿಯ ವರೆಗೆ ಸರ್ವರೂ ಕ್ಷೇಮ’ವೆಂದು ಬರೆಯುತ್ತಿದ್ದರು. ಎಷ್ಟು ಪ್ರಾಮಾಣಿಕವಾದ ವಾಕ್ಯವದು! ನಾಳೆಯ ಭರವಸೆಯನ್ನು ಅವರು ಕೊಡುತ್ತಿರಲಿಲ್ಲ. ತಮಗೆ ಗೊತ್ತಿದ್ದಷ್ಟನ್ನು ತಿಥಿ ಹಾಕಿ ಹೇಳುತ್ತಿದ್ದರು. ಹಡಗಿನಿಂದ ಬರುವ ಸಂದೇಶದಲ್ಲಿಯೂ ಮೂರು ಸಂಗತಿಗಳಿದ್ದರೆ ಸಾಕು: ಇಂದು ಎಲ್ಲಿದ್ದೇನೆ, ಹೇಗಿದ್ದೇನೆ, ಮುಂದಿನ ಸುದ್ದಿ ಯಾವ ಬಂದರಿನಿಂದ ಯಾವಾಗ ಬರುವದು. ಮೂರನೆಯದನ್ನು ಬಹುಜನರು ಮರೆಯುತ್ತಾರೆ. ಮನೆಗೆ ನಿದ್ರೆ ತರುವದು ಅದೇ.

ಮುಖ ಕಾಣುವ ಕರೆಯ ಹಟವನ್ನು ಸ್ವಲ್ಪ ಕಡಿಮೆ ಮಾಡಬೇಕು. ಅದಕ್ಕೆ ಖರ್ಚು ಹೆಚ್ಚು. ನಡುವೆ ಕಡಿದುಹೋದರೆ ಇಬ್ಬರಿಗೂ ಸಂಕಟ. ಧ್ವನಿಯನ್ನು ಮುದ್ರಿಸಿ ಕಳಿಸುವ ಸಂದೇಶವು ಹಗುರಾದುದು. ಹುಡುಗನು ತನ್ನ ಸರಿಹೊತ್ತಿಗೆ ಕೇಳಿಕೊಳ್ಳುವನು. ಓದುಬರಹವಿಲ್ಲದ ಅಜ್ಜಿಯೂ ಮಾತಾಡಿ ಕಳಿಸಬಹುದು. ದೊಡ್ಡ ಫೋನಿಲ್ಲದ ಮನೆಯವರು ಸ್ಥಿರ ದೂರವಾಣಿಯನ್ನು ಅವಲಂಬಿಸಿದ್ದರೆ, ಪರದೇಶದಿಂದ ಕರೆಯುವಾಗ ೯೧ರ ಮುಂದೆ ಊರಿನ ಸಂಖ್ಯೆಯ ಸೊನ್ನೆಯನ್ನು ಬಿಡಬೇಕೆಂದು ಹೋಗುವವನಿಗೆ ಬರೆದುಕೊಡಿರಿ: ಬೀದರಕ್ಕೆ ೮೪೮೨, ಭಾಲ್ಕಿಗೆ ೮೪೮೪, ಔರಾದಕ್ಕೆ ೮೪೮೫. ಹಡಗಿನಲ್ಲಿಯ ದುಡಿಮೆಗಾರನಿಗೆ ಅಂತರಜಾಲದ ವಿಷಯದಲ್ಲಿ ಒಂದು ಹಕ್ಕೂ ಉಂಟು. ಮೇಲೆ ಹೇಳಿದ ಅಂತರರಾಷ್ಟ್ರೀಯ ನಿಯಮವನ್ನು ಭಾರತವು ೨೦೧೫ರಲ್ಲಿ ಅಂಗೀಕರಿಸಿತು. ೨೦೨೪ರ ಡಿಸೆಂಬರ ೨೩ರಿಂದ ಜಾರಿಗೆ ಬಂದ ಅದರ ತಿದ್ದುಪಡಿಯ ಮೇರೆಗೆ ಹಡಗಿನ ಒಡೆಯರು ಸಾಧ್ಯವಿದ್ದ ಮಟ್ಟಿಗೆ ನಾವಿಕರಿಗೆ ಅಂತರಜಾಲವನ್ನು ಒದಗಿಸಬೇಕು. ಹಣ ತೆಗೆದುಕೊಂಡರೆ ಅದು ನ್ಯಾಯವಾದಷ್ಟೇ ಇರಬೇಕು.

ಎರಡನೆಯ ಮಾತು, ನಂಬತಕ್ಕ ಮೂಲವು ಯಾವದೆಂಬದನ್ನು ಗೊತ್ತುಪಡಿಸುವದು. ೨೦೨೦ರ ಫೆಬ್ರವರಿಯಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ವಿಹಾರನೌಕೆಯನ್ನು ಕೊರೋನಾ ರೋಗದ ನಿಮಿತ್ತ ಜಪಾನದ ಯೊಕೊಹಾಮಾ ಬಂದರಿನಲ್ಲಿ ತಡೆದು ನಿಲ್ಲಿಸಿದ್ದನ್ನು ವಾಚಕರು ಮರೆತಿರಲಾರರು. ಅದರಲ್ಲಿದ್ದ ೩,೭೧೧ ಜನರಲ್ಲಿ ಏಳುನೂರಕ್ಕೂ ಹೆಚ್ಚು ಮಂದಿಗೆ ರೋಗ ತಗಲಿತು. ಭಾರತೀಯರು ೧೩೮ ಜನರಿದ್ದರು. ಆರು ಮಂದಿ ಪ್ರಯಾಣಿಕರು, ಉಳಿದವರೆಲ್ಲ ಹಡಗಿನ ಕೆಲಸಗಾರರು. ನಮ್ಮ ಕಾರವಾರದ ಕಡೆಯವರೂ ಅವರಲ್ಲಿ ಇದ್ದರು. ಹಡಗು ಬಂದರಿನಲ್ಲಿಯೇ ಇದ್ದುದರಿಂದ ಮಾತಿಗೆ ಅಡ್ಡಿ ಇರಲಿಲ್ಲ. ಆದರೂ ಮನೆಗಳಲ್ಲಿ ಶಾಂತಿ ಇತ್ತೇ? ಇರಲಿಲ್ಲ. ಒಬ್ಬರ ದೃಶ್ಯಸಂದೇಶವು ಊರೂರು ಸುತ್ತುತ್ತಿತ್ತು. ವಾರ್ತಾಪತ್ರಿಕೆಯ ಲೆಕ್ಕವು ದಿನದಿನಕ್ಕೂ ಏರುತ್ತಿತ್ತು. ಟೋಕಿಯೋದಲ್ಲಿಯ ಭಾರತೀಯ ರಾಯಭಾರ ಕಚೇರಿಯು ಕಾಲಕಾಲಕ್ಕೆ ಪ್ರಕಟಿಸುತ್ತಿದ್ದ ಒಣ ಮಾತುಗಳೇ ನಿಜವಾದ ಆಧಾರವಾದವು. ಕೊನೆಗೆ ಫೆಬ್ರವರಿ ೨೭ರಂದು ೧೧೯ ಜನ ಭಾರತೀಯರು ವಿಮಾನದಿಂದ ದಿಲ್ಲಿಗೆ ಬಂದಿಳಿದರು.

ಸುಳ್ಳು ಸುದ್ದಿಯ ಕೇಡನ್ನು ಬೀದರದವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಮೇಲೆ ಹೇಳಿದ ಮಹಮೂದ ಗವಾನನ ಅಂತ್ಯವಾದದ್ದೇ ಒಂದು ಸುಳ್ಳು ಪತ್ರದಿಂದ. ವೈರಿಗಳು ಆತನ ಮುದ್ರಾಧಿಕಾರಿಯನ್ನು ವಶಮಾಡಿಕೊಂಡು ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿ, ಒರಿಸ್ಸಾದ ಅರಸನಿಗೆ ಬರೆದಂತೆ ದ್ರೋಹದ ಓಲೆಯನ್ನು ಕಟ್ಟಿದರೆಂದು ಇತಿಹಾಸಕಾರರು ಹೇಳುತ್ತಾರೆ. ಮುದ್ರೆಯು ನಿಜವಾದುದು, ಮಾತು ಸುಳ್ಳು. ಸುಲ್ತಾನನು ವಿಚಾರಿಸಲಿಲ್ಲ, ೧೪೮೧ರಲ್ಲಿ ವೃದ್ಧ ಮಂತ್ರಿಯ ತಲೆ ಹೋಯಿತು. ಈಗಿನ ವಂಚಕರ ರೀತಿಯೂ ಇದೇ. ‘ನಿಮ್ಮ ಮಗನನ್ನು ಬಂದರಿನಲ್ಲಿ ಹಿಡಿದಿದ್ದಾರೆ, ಈಗಲೇ ಹಣ ಕಳಿಸಿರಿ’ ಎಂದು ಅಪರಿಚಿತನು ಫೋನು ಮಾಡುತ್ತಾನೆ. ಹೆಸರು, ಊರು, ಭಾವಚಿತ್ರ ಎಲ್ಲವೂ ಸರಿಯಾಗಿರುತ್ತವೆ. ಈಗಂತೂ ಮಗನ ಧ್ವನಿಯನ್ನೇ ಯಂತ್ರದಿಂದ ಅನುಕರಿಸುತ್ತಾರೆ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಶಬ್ದವನ್ನು ಹೊರಡುವ ಮುಂಚೆ ಏರ್ಪಡಿಸಿಕೊಳ್ಳಿರಿ. ಆ ಶಬ್ದ ಬಾರದೆ ಒಂದು ಕಾಸೂ ಹೊರಡಬಾರದು.

ಅದರಂತೆ ಒಂದು ಹಾಳೆಯಲ್ಲಿ ಕೆಲವು ಸಂಗತಿಗಳನ್ನು ಬರೆದು ದೇವರ ಗೂಡಿನಲ್ಲಿಯೋ ಕಪಾಟಿನಲ್ಲಿಯೋ ಇಡಬೇಕು: ಹಡಗಿನ ಹೆಸರು; ಹೆಸರು ಬದಲಾದರೂ ಬದಲಾಗದ ಅದರ ಏಳು ಅಂಕಿಗಳ ಅಂತರರಾಷ್ಟ್ರೀಯ ಸಂಖ್ಯೆ; ಕಂಪನಿಯ ದಂಡೆಯ ಕಚೇರಿಯಲ್ಲಿರುವ ತುರ್ತು ದೂರವಾಣಿ; ಪ್ರಯಾಣಿಕರಾದರೆ ಕೋಣೆಯ ಸಂಖ್ಯೆ; ಕೆಲಸಗಾರನಾದರೆ ಪಾಸಪೋರ್ಟು, ಸಿ.ಡಿ.ಸಿ. ಎಂಬ ನಾವಿಕಪುಸ್ತಕ ಇವುಗಳ ಸಂಖ್ಯೆ, ಆತನನ್ನು ಕಳಿಸಿದ ಏಜೆಂಟನ ಹೆಸರು ಮತ್ತು ಲೈಸೆನ್ಸು. ಏಜೆಂಟನಿಗೆ ಭಾರತ ಸರಕಾರದ ಹಡಗು ಇಲಾಖೆಯ ಲೈಸೆನ್ಸು ಇದೆಯೋ ಇಲ್ಲವೋ ಎಂಬದನ್ನು ಹಣ ಕೊಡುವ ಮುಂಚೆಯೇ ನೋಡತಕ್ಕದ್ದು. ಪರದೇಶದಲ್ಲಿ ನಿಜವಾದ ತೊಂದರೆ ಬಂದರೆ ವಿದೇಶಾಂಗ ಖಾತೆಯವರು ೨೦೧೫ರಲ್ಲಿ ಆರಂಭಿಸಿದ ‘ಮದದ್’ ಎಂಬ ವ್ಯವಸ್ಥೆಯಲ್ಲಿ ಔರಾದದಲ್ಲಿ ಕುಳಿತೇ ದೂರನ್ನು ದಾಖಲು ಮಾಡಬಹುದು.

ಇನ್ನು ಎಲ್ಲಕ್ಕಿಂತ ಕಠಿಣವಾದ ವಿಷಯಕ್ಕೆ ಬರುತ್ತೇವೆ. ಮನೆಯಲ್ಲಿ ಕೆಡುಕಾದರೆ ಕಡಲಿನ ಮೇಲಿರುವವನಿಗೆ ತಿಳಿಸಬೇಕೇ, ಬೇಡವೇ? ತಂದೆಯು ಹಾಸಿಗೆ ಹಿಡಿದನು, ಅಜ್ಜಿಯು ತೀರಿಕೊಂಡಳು. ನಮ್ಮಲ್ಲಿ ಸಾಮಾನ್ಯವಾಗಿ ಹಿರಿಯರೆಲ್ಲ ಕೂಡಿ, ‘ಪಾಪ, ಅವನು ಅಲ್ಲಿ ಒಬ್ಬನೇ ಇದ್ದಾನೆ, ಬರಲಿಕ್ಕಂತೂ ಆಗದು, ತಿಳಿಸಿ ಏನು ಫಲ?’ ಎಂದು ಮುಚ್ಚಿಬಿಡುತ್ತಾರೆ. ಫೋನಿನಲ್ಲಿ ಆತನು ಕೇಳಿದರೆ ‘ಅಪ್ಪ ಮಲಗಿದ್ದಾರೆ’, ‘ಅಜ್ಜಿ ಗುಡಿಗೆ ಹೋಗಿದ್ದಾಳೆ’ ಎಂದು ಹೇಳುತ್ತಾರೆ. ಈ ಸುಳ್ಳು ದಯೆಯಿಂದ ಹುಟ್ಟಿದ್ದೆಂಬದು ನಿಜವು. ಆದರೆ ಇದರ ಬೆಲೆಯನ್ನು ತೆರುವವನು ಯಾರು? ಎಂಟು ತಿಂಗಳ ಮೇಲೆ ಅಜ್ಜಿಗೆಂದು ಶಾಲು ಕಟ್ಟಿಕೊಂಡು ಬಾಗಿಲಿಗೆ ಬರುವ ಹುಡುಗನು! ಆ ಕ್ಷಣದಲ್ಲಿ ಆತನಿಗೆ ಅಜ್ಜಿಯ ಜೊತೆಗೆ ಎಂಟು ತಿಂಗಳ ಎಲ್ಲ ಮಾತುಗಳೂ ಸತ್ತಂತಾಗುತ್ತವೆ. ಮುಂದಿನ ಸಲ ಹಡಗಿನಲ್ಲಿದ್ದಾಗ ‘ಎಲ್ಲರೂ ಕ್ಷೇಮ’ವೆಂದು ನೀವು ಆಣೆ ಮಾಡಿದರೂ ಆತನು ನಂಬಲಾರನು. ಒಂದು ದಿವಸದ ದುಃಖವನ್ನು ತಪ್ಪಿಸಲು ಹೋಗಿ ಜನ್ಮದ ಸಂಶಯವನ್ನು ಕೊಟ್ಟಂತಾಯಿತು.

ಈ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರ ವಿಚಾರವು ಮನನ ಮಾಡತಕ್ಕದ್ದಾಗಿದೆ. ಕಡಲ ಪಯಣಕ್ಕೆ ಪ್ರಾಯಶ್ಚಿತ್ತ ಹೇಳಿದವರೆಂದು ಅವರನ್ನು ನಾವು ನಗುತ್ತೇವೆ. ದೂರದ ಬಂಧುವಿನ ದುಃಖದ ಮಟ್ಟಿಗೆ ಅವರು ಬಹು ಸೂಕ್ಷ್ಮರಾಗಿದ್ದರು. ದೇಶಾಂತರದಲ್ಲಿ ಒಬ್ಬನು ಮರಣ ಹೊಂದಿದ ವಾರ್ತೆಯು ಹತ್ತು ದಿವಸದ ಒಳಗೆ ಮುಟ್ಟಿದರೆ ಉಳಿದ ದಿವಸಗಳ ಅಶೌಚ. ಹತ್ತು ದಿವಸ ಮೀರಿದ ಮೇಲೆ ಮುಟ್ಟಿದರೆ ಮೂರು ರಾತ್ರಿ. ವರ್ಷವೇ ಕಳೆದಿದ್ದರೆ ಕೇಳಿದೊಡನೆ ಸ್ನಾನ. ಇದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯ ವಿಧಿಯು. ಆಚಾರವನ್ನು ಯಾರು ಎಷ್ಟು ನಡಿಸುವರೆಂಬದು ಅವರವರ ಮತಕ್ಕೆ ಬಿಟ್ಟದ್ದು. ವಿಧಿಯ ಹಿಂದಿನ ತಿಳುವಳಿಕೆಯನ್ನು ನೋಡಿರಿ. ಸುದ್ದಿ ತಡವಾಗಿ ಮುಟ್ಟಬಹುದೆಂದು ಅವರು ಒಪ್ಪಿದರು. ಮುಟ್ಟದೆಯೇ ಇರಲೆಂದು ಎಲ್ಲಿಯೂ ಹೇಳಲಿಲ್ಲ. ಕೇಳಿದಂದಿನಿಂದ ಆತನ ದುಃಖಕ್ಕೂ ಒಂದು ಸ್ಥಾನವನ್ನು, ಒಂದು ಅವಧಿಯನ್ನು ಕೊಟ್ಟರು. ದೂರವು ಎರಡೂ ಕಡೆಗೆ ಸಮಾನವಾದುದು. ಸತ್ತವನು ದೂರದಲ್ಲಿದ್ದರೂ, ಕೇಳುವವನು ದೂರದಲ್ಲಿದ್ದರೂ, ಅಳುವ ಅಧಿಕಾರವು ಬಂಧುವಿಗೆ ಉಂಟು. ಅದನ್ನು ಕಸಿದುಕೊಳ್ಳುವ ಅಧಿಕಾರವು ಮತ್ತಾರಿಗೂ ಇಲ್ಲ.

ಹಾಗಾದರೆ ನಡುರಾತ್ರಿ ಕೆಲಸದಿಂದ ದಣಿದು ಬಂದವನ ಫೋನಿಗೆ ಸಾವಿನ ಸುದ್ದಿಯನ್ನು ಎಸೆದುಬಿಡಬೇಕೇ? ಖಂಡಿತವಾಗಿ ಬೇಡ. ಮೊದಲು ಕಂಪನಿಯ ದಂಡೆಯ ಕಚೇರಿಗೆ ತಿಳಿಸಿರಿ. ಹಡಗಿನ ಮೇಲಧಿಕಾರಿಯು ಆತನನ್ನು ಒಳಗೆ ಕರೆದು, ಬಳಿಯಲ್ಲಿ ಒಬ್ಬ ಸ್ನೇಹಿತನನ್ನು ಕೂಡ್ರಿಸಿ, ಮನೆಯೊಡನೆ ಮಾತಾಡಿಸುವಂತೆ ಕೇಳಿಕೊಳ್ಳಿರಿ. ಮುಂದಿನ ಬಂದರಿನಲ್ಲಿ ಇಳಿದು ಬರಲು ಸಾಧ್ಯವೇ ಎಂಬದೂ ಆಗಲೇ ಗೊತ್ತಾಗುವದು. ಹೇಳುವವರು ಮನೆಯ ಒಬ್ಬರೇ ಆಗಿರಲಿ. ನೆಂಟರ ಗುಂಪಿನ ಸಂದೇಶಗಳಿಂದ ಆತನಿಗೆ ತಿಳಿಯುವಂತಾಗಬಾರದು. ಅಂತ್ಯದರ್ಶನವು ತಪ್ಪಿದರೂ ಆತನ ಒಂದು ಮಾತನ್ನು, ಒಂದು ನಮಸ್ಕಾರವನ್ನು ಇಲ್ಲಿಯವರು ನಡಿಸಬಹುದು. ‘ನಿನ್ನ ಪರವಾಗಿ ನಾವು ನೀರು ಬಿಟ್ಟೆವು’ ಎಂದು ಕಾಕಾನು ಹೇಳಿದರೆ ಆ ಹುಡುಗನು ಮನೆಯೊಳಗೆ ಒಬ್ಬನಾಗಿಯೇ ಉಳಿಯುವನು.

ಇದಕ್ಕೂ ಮುಂಚೆ ಮಾಡಬೇಕಾದದ್ದು ಒಂದಿದೆ. ಅದಕ್ಕೆ ಖರ್ಚಿಲ್ಲ, ಧೈರ್ಯ ಮಾತ್ರ ಬೇಕು. ಹೊರಡುವ ಹಿಂದಿನ ದಿವಸ ಆತನನ್ನೇ ಕೇಳಿರಿ: ‘ನೀನು ಅಲ್ಲಿರುವಾಗ ಇಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನಿನಗೆ ತಿಳಿಸೋಣವೇ? ಯಾರು ತಿಳಿಸಬೇಕು?’ ಶುಭಕಾರ್ಯದ ಹೊತ್ತಿನಲ್ಲಿ ಇಂಥ ಮಾತು ಅಪಶಕುನವೆಂದು ಹೆಂಗಸರು ಗದರಬಹುದು. ಹಜ್ ಹಡಗನ್ನೇರುವವರು ಮನೆಮನೆಗೆ ಹೋಗಿ ಕ್ಷಮೆ ಬೇಡುವಾಗ ಅದನ್ನು ಅಪಶಕುನವೆಂದು ಎಣಿಸಲಿಲ್ಲ. ಅದರಿಂದಲೇ ಹಗುರಾಗಿ ಹೊರಟರು. ಬಹುತೇಕ ಮಕ್ಕಳು ‘ತಿಳಿಸಿರಿ’ ಎಂದೇ ಹೇಳುತ್ತಾರೆಂದು ನಮ್ಮ ನಂಬಿಕೆಯು. ಒಬ್ಬನು ‘ಬೇಡ’ವೆಂದರೆ ಅದೂ ಆತನ ಮಾತೇ ಆಯಿತು, ಅದನ್ನು ನಡಿಸಿರಿ.

ಸಂಸ್ಕೃತ ಕಾವ್ಯಗಳಲ್ಲಿ ಪ್ರವಾಸಕ್ಕೆ ಹೋದವನ ಹೆಂಡತಿಗೆ ಪ್ರೋಷಿತಭರ್ತೃಕೆ ಎಂಬ ಹೆಸರುಂಟು. ಕಾಯುವ ತಾಯಿಗೆ, ತಂದೆಗೆ, ಕೂಸಿಗೆ ಕವಿಗಳು ಹೆಸರಿಡಲಿಲ್ಲ. ಆದರೆ ಮನೆಯಲ್ಲಿ ಎಲ್ಲರೂ ಕಾಯುತ್ತಾರೆ, ಹಡಗಿನಲ್ಲಿ ಆತನೂ ಕಾಯುತ್ತಾನೆ. ಈ ವರ್ಷ ಯಾರ ಮನೆಯಿಂದ ಯಾರಾದರೂ ಹಡಗನ್ನೇರುವವರಿದ್ದಲ್ಲಿ, ಪೆಟ್ಟಿಗೆ ಕಟ್ಟುವ ದಿವಸ ಅರ್ಧ ತಾಸು ಬಿಡುವು ಮಾಡಿಕೊಂಡು ಹಾಳೆಯನ್ನು ಬರೆದಿಡಿರಿ, ಗುಟ್ಟಿನ ಶಬ್ದವನ್ನು ಹೇಳಿಕೊಳ್ಳಿರಿ, ಮೌನದ ಕರಾರನ್ನು ಮಾಡಿರಿ, ಕೇಳಲಂಜುವ ಆ ಒಂದು ಪ್ರಶ್ನೆಯನ್ನು ಕೇಳಿರಿ. ಉಳಿದುದನ್ನು ಫೋನು ಹತ್ತಿದಾಗ ಆಡಿದರಾಯಿತು.